ಟೀಚರ್ ಹತ್ತಿರ ಕೇಳಿ: ತಮ್ಮ ನಾಲ್ಕು ವರ್ಷದಿಂದ ಮನೆಯಲ್ಲೇ ಇದ್ದಾನೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಕೆಲಸ ಹೋಗಿ ವರ್ಷಗಳಾಗಿವೆ, ಮತ್ತೆ ಶುರು ಮಾಡುವುದು ಹೇಗೆ ಅಂತ. ಬರೆದವರು ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಗುರುತಿಲ್ಲ, ಆದರೆ ಓದುತ್ತಾ ಹೋದರೆ ಎಲ್ಲವೂ ಒಂದೇ ಮನೆಯಿಂದ ಬಂದ ಹಾಗಿದೆ. ಹಾಗಾಗಿ ಪರೀಕ್ಷೆ, ಕಾಲೇಜಿನ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟಿದ್ದೇನೆ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ.

ಬದಿಯಡ್ಕದಿಂದ

ಪ್ರಶ್ನೆ: ಟೀಚರ್, ನನ್ನ ತಮ್ಮನಿಗೆ 34 ವರ್ಷ. ಬಿಕಾಂ ಮುಗಿಸಿ ಮಂಗಳೂರಿನ ಒಂದು ಕಂಪೆನಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದ. ಕಂಪೆನಿ ಮುಚ್ಚಿತು. ಮೊದಲ ಆರು ತಿಂಗಳು ದಿನಾ ಅರ್ಜಿ ಹಾಕುತ್ತಿದ್ದ, ಕರೆದಲ್ಲಿಗೆ ಇಂಟರ್‌ವ್ಯೂಗೂ ಹೋಗುತ್ತಿದ್ದ. ಈಗ ನಾಲ್ಕು ವರ್ಷ ಆಯಿತು. ಬೆಳಿಗ್ಗೆ ಹನ್ನೊಂದಕ್ಕೆ ಏಳುತ್ತಾನೆ, ಮೊಬೈಲ್ ಹಿಡಿದುಕೊಂಡು ಕೋಣೆಯಲ್ಲೇ ಇರುತ್ತಾನೆ. ಮದುವೆಗೆ ಬರುವುದಿಲ್ಲ, ಜಾತ್ರೆಗೆ ಬರುವುದಿಲ್ಲ. ತೋಟದ ಕಡೆಗೂ ಹೋಗುವುದಿಲ್ಲ. ಊಟಕ್ಕೆ ಕೂತಾಗ ಅಪ್ಪ ಬೈಯುತ್ತಾರೆ, ಅಮ್ಮ ಅಳುತ್ತಾರೆ. ಇವನು ಸೋಮಾರಿಯಾ? ನಾನು ಮದುವೆಯಾಗಿ ಬೇರೆ ಊರಿನಲ್ಲಿದ್ದೇನೆ, ವಾರಕ್ಕೊಮ್ಮೆ ಬರುತ್ತೇನೆ. ನನ್ನಿಂದ ಏನಾದರೂ ಆಗುತ್ತದಾ?

ಉತ್ತರ: ತಂಗೀ, ಮೊದಲು ಆ ಸೋಮಾರಿ ಎನ್ನುವ ಮಾತನ್ನು ಬಿಡಿ. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮೊದಲ ಆರು ತಿಂಗಳು ಅವನು ದಿನಾ ಅರ್ಜಿ ಹಾಕಿದ, ಕರೆದಲ್ಲಿಗೆಲ್ಲ ಹೋದ. ಸೋಮಾರಿ ಹಾಗೆ ಮಾಡುತ್ತಾನಾ? ಬಾಗಿಲು ತಟ್ಟಿ ತಟ್ಟಿ ಕೈ ಸೋತು ಕೂತಿದ್ದಾನೆ, ಅಷ್ಟೇ.

ಆಸ್ಟ್ರಿಯಾದಲ್ಲಿ ಮರೀನ್‌ಥಾಲ್ ಅಂತ ಒಂದು ಸಣ್ಣ ಊರು. ಇಡೀ ಊರಿಗೆ ಒಂದೇ ಬಟ್ಟೆ ಮಿಲ್ಲು. 1930ರ ಹೊತ್ತಿಗೆ ಅದು ಮುಚ್ಚಿತು, ಹೆಚ್ಚುಕಡಿಮೆ ಎಲ್ಲ ಮನೆಗೂ ಕೆಲಸ ಹೋಯಿತು. ಮರಿ ಯಹೋಡ ಎಂಬ ಯುವತಿ ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋಗಿ, ಕೆಲಸ ಇಲ್ಲದವರ ದಿನ ಹೇಗೆ ಕಳೆಯುತ್ತದೆ ಅಂತ ಹತ್ತಿರದಿಂದ ನೋಡಿದರು. ಅವರಿಗೆ ಕಂಡದ್ದು ಏನು ಗೊತ್ತಾ? ಕೈಯಲ್ಲಿ ಬೇಕಾದಷ್ಟು ಹೊತ್ತು ಇದ್ದರೂ ಊರಿನ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರು ರಸ್ತೆಯಲ್ಲಿ ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಬೆಳಿಗ್ಗೆಯಿಂದ ಏನು ಮಾಡಿದಿರಿ ಅಂತ ಕೇಳಿದರೆ ಹೇಳಲಿಕ್ಕೆ ಅವರಿಗೆ ಏನೂ ನೆನಪಾಗುತ್ತಿರಲಿಲ್ಲ. ಹೆಂಗಸರು ಮಾತ್ರ ಬೇಗ ಬೇಗ ನಡೆಯುತ್ತಿದ್ದರು, ಯಾಕೆಂದರೆ ಮಿಲ್ಲು ಮುಚ್ಚಿದರೂ ಅಡುಗೆ, ಮಕ್ಕಳು, ಒಗೆಯುವ ಬಟ್ಟೆ ಎಲ್ಲ ಹಾಗೇ ಇತ್ತಲ್ವಾ. ಸಂಬಳದ ಜೊತೆಗೆ ಕೆಲಸ ಇನ್ನೂ ಏನೇನು ಕೊಡುತ್ತದೆ ಅಂತ ಯಹೋಡ ಆಮೇಲೆ ವಿವರವಾಗಿ ಬರೆದರು. ದಿನಕ್ಕೆ ಒಂದು ಹೊತ್ತುಗೊತ್ತು. ಮನೆಯ ಹೊರಗೆ ನಾಲ್ಕು ಜನರ ಮುಖ. ನಾನೂ ಹತ್ತು ಜನರ ಜೊತೆ ಸೇರಿ ಏನೋ ಮಾಡುತ್ತಿದ್ದೇನೆ ಎನ್ನುವ ಭಾವ. ಊರಿನಲ್ಲಿ ಒಂದು ಜಾಗ. ನಿಮ್ಮ ತಮ್ಮನಿಗೆ ಇವೆಲ್ಲ ಒಂದೇ ದಿನ ಹೋದವು. ಹನ್ನೊಂದಕ್ಕೆ ಏಳುತ್ತಾನೆ ಅನ್ನುತ್ತೀರಿ, ಎಂಟಕ್ಕೆ ಏಳಲು ಅವನಿಗೆ ಒಂದು ಕಾರಣ ಬೇಕಲ್ಲ.

ನಾನು ಇದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನನ್ನ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿದ್ದರು. ನಾನು ಹೈಸ್ಕೂಲಿಗೆ ಹೋಗುವಾಗ ಅದು ಮುಚ್ಚಿತು. ಅಮ್ಮ ಬೀಡಿ ಕಟ್ಟಿ ಮನೆ ನಡೆಸಿದರು. ಅಪ್ಪ ಎರಡು ವರ್ಷ ಜಗಲಿಯಲ್ಲಿ ಕೂತರು. ಅಮ್ಮನ ಬೀಡಿಯನ್ನು ಬ್ರಾಂಚಿಗೆ ಕೊಟ್ಟು ಬರಲಿಕ್ಕೂ ಹೋಗುತ್ತಿರಲಿಲ್ಲ, ದಾರಿಯಲ್ಲಿ ಯಾರಾದರೂ ಸಿಕ್ಕಿ ಈಗ ಏನು ಮಾಡುತ್ತಿದ್ದೀರಿ ಅಂತ ಕೇಳುತ್ತಾರೆ ಅಂತ. ಆಮೇಲೆ ಒಂದು ದಿನ ಬೆಳಿಗ್ಗೆ, ಕೆಂಪುಕಲ್ಲಿನ ವ್ಯಾಪಾರ ಮಾಡುತ್ತಿದ್ದ ನೆರೆಮನೆಯವರು ಬಂದು, ಲೋಡಿನ ಲೆಕ್ಕ ಬರೆಯಲು ಜನ ಇಲ್ಲ, ನೀವು ಬನ್ನಿ ಅಂದರು. ಅಪ್ಪ ನೋಡುವಾ ಅಂದರು, ಹೋಗಲಿಲ್ಲ. ಆ ಮನುಷ್ಯ ಮರುದಿನವೂ ಬಂದು ಗೇಟಿನ ಹತ್ತಿರ ನಿಂತರು. ಮೂರನೇ ದಿನ ಅಪ್ಪ ಅಂಗಿ ಹಾಕಿಕೊಂಡರು. ಆ ಕೆಲಸಕ್ಕೆ ಸಿಕ್ಕಿದ್ದು ತುಂಬಾ ಕಡಿಮೆ ದುಡ್ಡು. ಆದರೆ ಅಪ್ಪ ರಾತ್ರಿ ಊಟ ಮಾಡುವಾಗ ಮಾತಾಡಲು ಶುರು ಮಾಡಿದರು, ಅದು ನನಗೆ ಇವತ್ತಿಗೂ ನೆನಪಿದೆ.

ಗೇಟಿನ ಹತ್ತಿರ ಯಾರಾದರೂ ಬಂದು ನಿಲ್ಲಬೇಕು, ತಂಗೀ. ತುಂಬಾ ಸಮಯ ಕೂತವನು ತಾನಾಗಿ ಎದ್ದು ಹೋಗುವುದು ಕಡಿಮೆ. ಆ ಮನುಷ್ಯ ನೀವು ಆಗಬಹುದು, ಅಥವಾ ನೀವು ಒಬ್ಬರನ್ನು ಹುಡುಕಬಹುದು.

ಮೊದಲು ಅಪ್ಪನ ಹತ್ತಿರ ಮಾತಾಡಿ. ಒಂದು ತಿಂಗಳು ಊಟದ ಹೊತ್ತಿನಲ್ಲಿ ಕೆಲಸದ ಮಾತು ಬೇಡ ಅಂತ ಕೇಳಿಕೊಳ್ಳಿ. ಅಪ್ಪನಿಗೆ ಚಿಂತೆ ಇದೆ, ನನಗೆ ಅರ್ಥವಾಗುತ್ತದೆ, ಆದರೆ ಆ ಬೈಗುಳದಿಂದ ಈ ನಾಲ್ಕು ವರ್ಷದಲ್ಲಿ ಆದದ್ದು ಒಂದೇ, ಅವನು ಎಲ್ಲರ ಜೊತೆ ಕೂತು ಉಣ್ಣಲು ಹೆದರುತ್ತಾನೆ. ತೋಟದ ಕೆಲಸಕ್ಕೂ ಅವನನ್ನು ಒತ್ತಾಯ ಮಾಡಬೇಡಿ. ಮನೆಯ ತೋಟದಲ್ಲಿ ಅಪ್ಪನೇ ಯಜಮಾನ, ಅಲ್ಲಿ ಏನು ಮಾಡಿದರೂ ತಪ್ಪು ಕಾಣುತ್ತದೆ. ಅವನಿಗೆ ಬೇಕಾದದ್ದು ಮನೆಯ ಹೊರಗಿನ ಜಾಗ, ಹೊರಗಿನ ಜನ.

ನೀವು ಬರುವ ದಿನ ಅವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ. ಕೆಲಸದ ಸುದ್ದಿ ಎತ್ತಬೇಡಿ. ಎರಡು ಮೂರು ವಾರ ಹೀಗೆ ಆಗಲಿ. ಆಮೇಲೆ ವಾರಕ್ಕೆ ಎರಡು ದಿನ, ಎರಡು ಗಂಟೆಯದ್ದಾದರೂ ಸಾಕು, ಯಾರಾದರೂ ಅವನಿಗಾಗಿ ಕಾಯುತ್ತಾ ಇರುವ ಒಂದು ಕೆಲಸ ಹುಡುಕಿ. ಕಾಯುತ್ತಾ ಇರುವುದು ಮುಖ್ಯ. ಬಿಕಾಂ ಆಗಿದೆ, ಬಿಲ್ಲಿಂಗ್ ಗೊತ್ತು ಅಂದಿರಿ. ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡುವ ಆಫೀಸುಗಳು ಬದಿಯಡ್ಕದಲ್ಲೂ ಕಾಸರಗೋಡಿನಲ್ಲೂ ಇವೆ. ತಿಂಗಳ 11ಕ್ಕೆ ಮಾರಾಟದ ಲೆಕ್ಕ ಹಾಕಬೇಕು, 20ಕ್ಕೆ ಇನ್ನೊಂದು ರಿಟರ್ನ್. ಆ ದಿನಗಳು ಹತ್ತಿರ ಬಂದಾಗ ಅಲ್ಲಿ ಕೂತು ಬಿಲ್ಲು ಎಂಟ್ರಿ ಮಾಡಲು ಜನ ಸಾಲುವುದಿಲ್ಲ. ಅಂಥ ಒಂದು ಆಫೀಸಿಗೆ ನೀವೇ ಹೋಗಿ ಕೇಳಿ: ತಿಂಗಳಿಗೆ ಎಂಟು ದಿನ ನನ್ನ ತಮ್ಮ ಬರಬಹುದಾ? ಕೇಳಲು ನಾಚಿಕೆ ಬೇಡ. ಆದರೆ ಬಿಟ್ಟಿಯಾಗಿ ಬೇಡ, ಸ್ವಲ್ಪವಾದರೂ ದುಡ್ಡು ಕೊಡಲಿ. ಬಿಟ್ಟಿ ಕೆಲಸಕ್ಕೆ ಹೋದವನಿಗೆ ತಾನು ಸುಮ್ನೆ ಹೊತ್ತು ಕಳೆಯಲು ಬಂದದ್ದು ಅಂತ ಅನಿಸಿಬಿಡುತ್ತದೆ.

ಇನ್ನೊಂದು ದಾರಿ ಇದೆ, ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಅವನ ಕಂಪೆನಿ ಮುಚ್ಚಿದಾಗ ಜೊತೆಗಿದ್ದವರೆಲ್ಲ ಎಲ್ಲಿ ಹೋದರು? ಇಪ್ಪತ್ತು ಜನ ಇದ್ದರೆ ಈಗ ಇಪ್ಪತ್ತು ಜಾಗದಲ್ಲಿ ಇದ್ದಾರೆ. ಅಮೆರಿಕದ ಮಾರ್ಕ್ ಗ್ರನೊವೆಟರ್ ಎಂಬವರು 1973ರಲ್ಲಿ ಬರೆದ ಒಂದು ಲೇಖನದಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಕೇಳಿ ನೋಡಿದ ವಿಷಯ ಇದೆ. ದಿನಾ ಸಿಗುವ ಆಪ್ತರಿಂದ ಸುದ್ದಿ ಬಂದದ್ದು ಕಡಿಮೆ. ಅಪರೂಪಕ್ಕೆ ಸಿಗುವ, ಹಳೆಯ ಗುರುತಿನವರಿಂದ ಬಂದದ್ದೇ ಜಾಸ್ತಿ. ಯೋಚಿಸಿದರೆ ಸರಿಯೇ. ಮನೆಯವರಿಗೂ ಗೆಳೆಯರಿಗೂ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರಿಗೆ ಮಾತ್ರ ನಮಗೆ ಗೊತ್ತಿಲ್ಲದ ಜಾಗ ಗೊತ್ತು. ತಮ್ಮನಿಗೆ ಫೋನ್ ಮಾಡಲು ಕಷ್ಟ ಆಗುತ್ತದೆ. ಪಕ್ಕದಲ್ಲಿ ಕೂತು ಒಂದು ಮೆಸೇಜ್ ಮಾತ್ರ ಬರೆಸಿ, ಹೇಗಿದ್ದೀಯಾ ಅಂತ. ಕೆಲಸ ಕೇಳುವುದು ಬೇಡ. ಎರಡನೇ ಸಲ ಮಾತಾಡುವಾಗ ಅವರೇ ಕೇಳುತ್ತಾರೆ.

ಒಂದು ಕೋರ್ಸಿಗೆ ಸೇರಿಸಿದರೆ ಆಗುತ್ತದಾ ಅಂತ ನೀವು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ನನಗೆ ಅನುಭವದಿಂದ ಇದರಲ್ಲಿ ಅಷ್ಟು ನಂಬಿಕೆ ಇಲ್ಲ. ಒಂದರ ಮೇಲೊಂದು ಸರ್ಟಿಫಿಕೇಟ್ ತೆಗೆದುಕೊಂಡು ಮನೆಯಲ್ಲೇ ಇರುವ ಮಕ್ಕಳನ್ನು ತುಂಬಾ ನೋಡಿದ್ದೇನೆ. ಮೊದಲು ಸ್ವಲ್ಪ ಕೆಲಸ, ಆಮೇಲೆ ಆ ಕೆಲಸಕ್ಕೆ ಬೇಕಾದ ಕಲಿಕೆ. ಕೋರ್ಸೇ ಬೇಕು ಅಂತಾದರೆ ಆನ್‌ಲೈನಿನದ್ದು ಬೇಡ, ಅದು ಮತ್ತೆ ಅದೇ ಕೋಣೆ, ಅದೇ ಮೊಬೈಲ್. ಉಳಿದುಕೊಂಡು ಕಲಿಯುವಂಥದ್ದಕ್ಕೆ ಕಳಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ತರಬೇತಿ ಸಂಸ್ಥೆ ರುಡ್‌ಸೆಟ್‌ನ ಮಾದರಿಯಲ್ಲೇ ಈಗ ದೇಶದ ಹೆಚ್ಚಿನ ಜಿಲ್ಲೆಗಳಲ್ಲಿ ಬ್ಯಾಂಕಿನವರ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ, ನಮ್ಮ ಜಿಲ್ಲೆಯದ್ದು ಕಾಞಂಗಾಡಿನ ಹತ್ತಿರ ವೆಳ್ಳಿಕ್ಕೋತಿನಲ್ಲಿ. ತರಬೇತಿಗೆ, ಊಟಕ್ಕೆ ದುಡ್ಡು ಇಲ್ಲ. ಎಲ್ಲರ ಜೊತೆ ಒಂದೇ ಹೊತ್ತಿಗೆ ಏಳಬೇಕು, ಒಂದೇ ಹೊತ್ತಿಗೆ ಊಟ ಮಾಡಬೇಕು. ಅವನಿಗೆ ಅದೇ ಔಷಧ.

ಮತ್ತೊಂದು ವಿಷಯ ಕೇಳಿಕೊಳ್ಳಿ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ನಾನು ಇಲ್ಲದಿದ್ದರೆ ನಿಮಗೆಲ್ಲ ಒಳ್ಳೆಯದು ಅಂತ ಅವನು ಯಾವತ್ತಾದರೂ ಹೇಳಿದ್ದರೆ, ಕೆಲಸದ ವಿಷಯ ಬದಿಗಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಅಂತ ಸರಕಾರದ ಸಹಾಯವಾಣಿ ಇದೆ, ನಂಬರು 14416, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ. ಇದರಲ್ಲಿ ತಡ ಮಾಡಬೇಡಿ.

ಆ ಆಸ್ಟ್ರಿಯಾದ ಊರಿನ ಕತೆ ಅಲ್ಲಿಗೇ ಮುಗಿಯಲಿಲ್ಲ. 2020ರ ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ, ಒಂದು ವರ್ಷಕ್ಕಿಂತ ಜಾಸ್ತಿ ಕೆಲಸ ಇಲ್ಲದೆ ಇದ್ದವರಿಗೆಲ್ಲ ಸಂಬಳದ ಕೆಲಸ ಕೊಡುತ್ತೇವೆ ಅಂತ ಅಲ್ಲಿನ ಉದ್ಯೋಗ ಇಲಾಖೆ ಒಂದು ಯೋಜನೆ ಶುರು ಮಾಡಿತು. ಬಲವಂತ ಇರಲಿಲ್ಲ, ಬೇಕಾದವರು ಬರಬಹುದು. ಮೊದಲು ಎರಡು ತಿಂಗಳು ತಯಾರಿ, ಪ್ರತಿಯೊಬ್ಬರ ಜೊತೆ ಕೂತು ಮಾತು, ಆಮೇಲೆ ಕೆಲಸ. ಸೋಮಾರಿಗಳು ಅಂತ ಜನ ಹೇಳುವವರೇ ಬಂದರು, ಕೆಲಸ ಮಾಡಿದರು. ಅವರ ದಿನಕ್ಕೆ ಮತ್ತೆ ಹೊತ್ತುಗೊತ್ತು ಬಂತು, ಜನರ ಒಡನಾಟ ಬಂತು, ಮನಸ್ಸು ಚೇತರಿಸಿತು ಅಂತ ಅಧ್ಯಯನ ಮಾಡಿದವರು ಬರೆದಿದ್ದಾರೆ. ನಮ್ಮಲ್ಲಿ ಪದವಿ ಓದಿದವರಿಗೆ ಹಾಗೆ ಕರೆದು ಕೆಲಸ ಕೊಡುವ ಯೋಜನೆ ಇಲ್ಲ. ಆದರೆ ಜೊತೆಗೆ ಕೂತು ಮಾತಾಡುವ ಎರಡು ತಿಂಗಳನ್ನು ಒಬ್ಬ ಅಕ್ಕ ಕೊಡಬಹುದು.

ಉಪ್ಪಳದಿಂದ

ಪ್ರಶ್ನೆ: ಮೇಡಂ, ನನಗೆ 49 ವರ್ಷ. 22 ವರ್ಷ ಸೌದಿಯಲ್ಲಿದ್ದೆ, ಒಂದು ದೊಡ್ಡ ಸೂಪರ್ ಮಾರ್ಕೆಟಿನಲ್ಲಿ. ಮೊದಲು ಸಾಮಾನು ಜೋಡಿಸುವ ಕೆಲಸ, ಕೊನೆಯ ಹತ್ತು ವರ್ಷ ಗೋಡೌನು ಪೂರಾ ನನ್ನ ಕೈಯಲ್ಲಿತ್ತು. ಊರಿಗೆ ಬಂದು ಮೂರು ವರ್ಷ ಆಯಿತು. ಮನೆ ಕಟ್ಟಿ ಆಗಿದೆ, ಮಗಳ ಮದುವೆ ಆಗಿದೆ, ಉಳಿದದ್ದು ಸ್ವಲ್ಪ. ಇಲ್ಲಿ ಯಾರ ಹತ್ತಿರವಾದರೂ ಕೆಲಸ ಕೇಳಿದರೆ ಗಲ್ಫಿನವರು ನಮ್ಮಲ್ಲಿ ಕೆಲಸ ಮಾಡುತ್ತೀರಾ ಅಂತ ನಗುತ್ತಾರೆ. ಉಳಿದ ದುಡ್ಡು ಹಾಕಿ ಒಂದು ಅಂಗಡಿ ಇಡುವುದು ಅಂತ ಇದ್ದೇನೆ. ಸರಿಯಾ?

ಉತ್ತರ: ಅಂಗಡಿ ಇಡಬೇಡಿ ಅಂತ ನಾನು ಹೇಳುವುದಿಲ್ಲ. ಈಗಲೇ ಬೇಡ ಅಂತ ಹೇಳುತ್ತೇನೆ. ಉಪ್ಪಳದಿಂದ ಕುಂಬಳೆಯವರೆಗೆ ಗಲ್ಫಿನಿಂದ ಬಂದವರು ತೆರೆದು ಎರಡೇ ವರ್ಷದಲ್ಲಿ ಶಟರ್ ಎಳೆದ ಅಂಗಡಿಗಳು ಎಷ್ಟಿವೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ವ್ಯಾಪಾರ ಗೊತ್ತಿಲ್ಲದೆ ಅಲ್ಲ. ಅಲ್ಲಿನ ವ್ಯಾಪಾರ ಗೊತ್ತು, ಇಲ್ಲಿಯದ್ದು 20 ವರ್ಷ ಹಿಂದಿನದ್ದು ಗೊತ್ತು. ಸಾಲ ಎಷ್ಟು ದಿನಕ್ಕೆ ಕೊಡಬೇಕು, ಯಾವ ಸಾಮಾನು ಮಂಗಳೂರಿನಿಂದ ಬರುತ್ತದೆ, ಯಾವುದು ಕಣ್ಣೂರಿನಿಂದ, ನೆಂಟರು ಕಡ ಕೇಳಿದರೆ ಏನು ಮಾಡುವುದು, ಇದೆಲ್ಲ ಮತ್ತೆ ಕಲಿಯಬೇಕು. ಕಲಿಯುವುದನ್ನು ನಿಮ್ಮ ದುಡ್ಡಿನಲ್ಲಿ ಯಾಕೆ ಕಲಿಯುತ್ತೀರಿ? ಒಂದು ವರ್ಷ ಬೇರೆಯವರ ಅಂಗಡಿಯಲ್ಲಿ ಕೆಲಸ ಮಾಡಿ.

ನಗುತ್ತಾರೆ ಅಂದಿರಿ. ನೀವು ಕೆಲಸ ಇದೆಯಾ ಅಂತ ಕೇಳಿದ್ದಕ್ಕೆ ನಕ್ಕದ್ದು. ಹಾಗೆ ಕೇಳಬೇಡಿ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಗೋಡೌನಿನಲ್ಲಿ ಎಷ್ಟು ಬಗೆಯ ಸಾಮಾನು ಇತ್ತು, ತಾರೀಕು ಮುಗಿಯುವ ಮೊದಲೇ ಹೊರಗೆ ಹೋಗುವಂತೆ ಹೇಗೆ ಜೋಡಿಸುತ್ತಿದ್ದಿರಿ, ಫ್ರೀಜರ್ ಕೆಟ್ಟ ದಿನ ಏನು ಮಾಡಿದಿರಿ, ನಿಮ್ಮ ಕೆಳಗೆ ಎಷ್ಟು ಜನ ಇದ್ದರು, ಕಂಪ್ಯೂಟರಿನಲ್ಲಿ ಏನು ನೋಡುತ್ತಿದ್ದಿರಿ. ಆಮೇಲೆ ಸೂಪರ್ ಮಾರ್ಕೆಟಿನ ಯಜಮಾನರ ಹತ್ತಿರ ಹೋಗಿ, ನಿಮ್ಮ ಗೋಡೌನಿನಲ್ಲಿ ತಿಂಗಳಿಗೆ ಎಷ್ಟು ಸಾಮಾನು ತಾರೀಕು ಮುಗಿದು ಹಾಳಾಗುತ್ತದೆ ಅಂತ ಕೇಳಿ. ಅದನ್ನು ಕಡಿಮೆ ಮಾಡಿ ಕೊಡುತ್ತೇನೆ ಅನ್ನಿ. ಆಗ ಯಾರೂ ನಗುವುದಿಲ್ಲ. ನಿಮಗೆ ಮಲಯಾಳ, ಕನ್ನಡ, ತುಳು, ಹಿಂದಿ ಎಲ್ಲ ಬರುತ್ತದೆ ಅಂತ ಭಾವಿಸಿದ್ದೇನೆ. ಗೋಡೌನಿನ ಕೆಲಸಗಾರರು ಈಗ ಬಂಗಾಳ, ಒಡಿಶಾ, ಬಿಹಾರದಿಂದ ಬಂದವರು. ಅವರ ಜೊತೆ ಹಿಂದಿಯಲ್ಲಿ ಮಾತಾಡಿ ಕೆಲಸ ತೆಗೆಯುವವರು ಯಜಮಾನರಿಗೆ ಬೇಕೇ ಬೇಕು.

ಒಂದು ವರ್ಷದ ಮೇಲೆ ಅಂಗಡಿ ಇಡುವ ಮನಸ್ಸು ಹಾಗೇ ಇದ್ದರೆ, ಉಳಿದ ದುಡ್ಡು ಪೂರಾ ಹಾಕಬೇಡಿ. ಹೊರದೇಶದಲ್ಲಿರುವ ಕೇರಳದವರಿಗಾಗಿ ಸರಕಾರ ನಡೆಸುವ ನೋರ್ಕಾದಲ್ಲಿ, ಊರಿಗೆ ತಿರುಗಿ ಬಂದವರಿಗೆ ಒಂದು ಯೋಜನೆ ಇದೆ, ಎನ್‌ಡಿಪ್ರೇಮ್ ಅಂತ. ಕಡಿಮೆಯೆಂದರೆ ಎರಡು ವರ್ಷ ಹೊರದೇಶದಲ್ಲಿ ಕೆಲಸ ಮಾಡಿರಬೇಕು. 30 ಲಕ್ಷದವರೆಗಿನ ಯೋಜನೆಗೆ ಬ್ಯಾಂಕ್ ಸಾಲ, ಅದರಲ್ಲಿ ಶೇಕಡಾ 15 ಸಬ್ಸಿಡಿ, ಹೆಚ್ಚೆಂದರೆ 3 ಲಕ್ಷ. ಸರಿಯಾಗಿ ಕಂತು ಕಟ್ಟಿದರೆ ಮೊದಲ ನಾಲ್ಕು ವರ್ಷ ಬಡ್ಡಿಯಲ್ಲೂ ಶೇಕಡಾ 3 ರಿಯಾಯಿತಿ. ಹಳೆಯ ಪಾಸ್‌ಪೋರ್ಟ್ ಬಿಸಾಡಬೇಡಿ, ಅಲ್ಲಿ ಎಷ್ಟು ವರ್ಷ ಇದ್ದಿರಿ ಅಂತ ತೋರಿಸಲು ಅದು ಬೇಕು. ಹೋಗುವ ಮೊದಲು, ಈ ಸಾಲ ತೆಗೆದುಕೊಂಡ ಒಬ್ಬರನ್ನು ಹುಡುಕಿ ಅವರ ಅಂಗಡಿಯಲ್ಲಿ ಒಂದು ಚಹಾ ಕುಡಿದು ಬನ್ನಿ. ಆಫೀಸಿನಲ್ಲಿ ಹೇಳದ ವಿಷಯ ಅಲ್ಲಿ ಗೊತ್ತಾಗುತ್ತದೆ.

ಮುಳ್ಳೇರಿಯದಿಂದ

ಪ್ರಶ್ನೆ: ಟೀಚರ್, ನಾನು ಕನ್ನಡ ಮಾಧ್ಯಮದಲ್ಲಿ ಟಿಟಿಸಿ (ಶಿಕ್ಷಕರ ತರಬೇತಿ) ಮಾಡಿದವಳು. ಎರಡು ವರ್ಷ ದಿನವೇತನದಲ್ಲಿ ಪಾಠ ಮಾಡಿದ್ದೆ. ಅಷ್ಟರಲ್ಲಿ ಅತ್ತೆಗೆ ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದರು. ಎಂಟು ವರ್ಷ ಅವರನ್ನು ನೋಡಿಕೊಂಡೆ. ಕಳೆದ ವರ್ಷ ಹೋದರು. ಈಗ ನನಗೆ 37. ಕೆ-ಟೆಟ್ (ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿಲ್ಲ. ಪುಸ್ತಕ ಹಿಡಿದರೆ ಏನೂ ತಲೆಗೆ ಹೋಗುವುದಿಲ್ಲ. ಎಂಟು ವರ್ಷ ಸುಮ್ನೆ ಮನೆಯಲ್ಲಿ ಕೂತವಳನ್ನು ಯಾರು ತೆಗೆದುಕೊಳ್ಳುತ್ತಾರೆ?

ಉತ್ತರ: ಸುಮ್ನೆ ಕೂತವಳು ಅಂತ ಬರೆದಿದ್ದೀಯಲ್ಲ ಮಗಳೇ, ಅದನ್ನು ಓದಿ ನನಗೆ ತುಂಬಾ ಬೇಸರವಾಯಿತು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ, ಹೊತ್ತು ಹೊತ್ತಿಗೆ ಮದ್ದು ಕೊಟ್ಟು, ಎಂಟು ವರ್ಷ ಎಚ್ಚರ ಇದ್ದವಳು ನೀನು. ಯಾರಾದರೂ ಕೇಳಿದರೆ ಹೀಗೆ ಹೇಳು: ಎಂಟು ವರ್ಷ ಮನೆಯಲ್ಲಿ ರೋಗಿಯನ್ನು ನೋಡಿಕೊಂಡೆ, ಈಗ ಆ ಹೊಣೆ ಮುಗಿದಿದೆ, ಕೆಲಸಕ್ಕೆ ಬರಲು ತಯಾರಿದ್ದೇನೆ. ಅಷ್ಟೇ, ಎರಡು ವಾಕ್ಯ. ಕ್ಷಮೆ ಕೇಳುವ ದನಿ ಬೇಡ.

ಪುಸ್ತಕ ತಲೆಗೆ ಹೋಗದ್ದು ಒಬ್ಬಳೇ ಓದುವುದರಿಂದ. ನಿನ್ನ ಜೊತೆ ಮಾಯಿಪ್ಪಾಡಿಯಲ್ಲೋ ಬೇರೆಲ್ಲೋ ಟಿಟಿಸಿ ಮಾಡಿದವರಲ್ಲಿ ಇನ್ನೂ ಕೆ-ಟೆಟ್ ಆಗದ ಇಬ್ಬರಾದರೂ ಸಿಗುತ್ತಾರೆ. ವಾರಕ್ಕೆ ಮೂರು ದಿನ ಒಬ್ಬರ ಮನೆಯಲ್ಲಿ ಸೇರಿ, ಹಳೆಯ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟು ಬಿಡಿಸಿ. 1975ರಲ್ಲಿ ನೇಥನ್ ಏಜ್ರಿನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಕೆಲಸ ಹುಡುಕುವವರನ್ನು ಗುಂಪಾಗಿ ದಿನಾ ಒಂದು ಕಡೆ ಸೇರಿಸಿ ನೋಡಿದರು. ಒಬ್ಬರ ಅರ್ಜಿ ಇನ್ನೊಬ್ಬರು ಓದುವುದು, ಒಬ್ಬರು ಫೋನ್ ಮಾಡುವಾಗ ಇನ್ನೊಬ್ಬರು ಪಕ್ಕದಲ್ಲಿ ಇರುವುದು, ಹೀಗೆ. ಒಂಟಿಯಾಗಿ ಹುಡುಕಿದವರಿಗಿಂತ ಇವರಿಗೆ ಬೇಗ ಕೆಲಸ ಸಿಕ್ಕಿತು. ನಮ್ಮೂರಿನ ಹೆಂಗಸರಿಗೆ ಇದು ಹೊಸತಲ್ಲ, ಹೆಂಗಸರ ಸ್ವಸಹಾಯ ಗುಂಪುಗಳ ಕುಟುಂಬಶ್ರೀ ನಡೆಯುವುದೇ ಹಾಗೆ. ನಿನ್ನ ಅಯಲ್‌ಕೂಟದಲ್ಲಿ, ಅಂದರೆ ನೆರೆಕರೆಯ ಗುಂಪಿನಲ್ಲಿ, ಒಂದು ಮಾತು ಹಾಕು, ಪರೀಕ್ಷೆಗೆ ಓದುವವರು ಬೇರೆ ಯಾರಿದ್ದಾರೆ ಅಂತ.

ಎಲ್‌ಪಿ (ಕಿರಿಯ ಪ್ರಾಥಮಿಕ) ತರಗತಿಗೆ ಕೆ-ಟೆಟ್‌ನ ಒಂದನೇ ವಿಭಾಗ ಬೇಕು. 150 ಅಂಕದಲ್ಲಿ 90, ಮೀಸಲಾತಿಯವರಿಗೆ 82. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡ. ಪಿಎಸ್‌ಸಿಯ ವಯಸ್ಸು ಒಂದೊಂದು ಹುದ್ದೆಗೆ ಒಂದೊಂದು, ಹಿಂದುಳಿದ ವರ್ಗದವರಿಗೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ ಇದೆ. ನೋಟಿಫಿಕೇಶನ್ ಬಂದ ದಿನವೇ ಓದು, ನಾಳೆ ಅಂತ ಇಡಬೇಡ. ನಿನ್ನ ವಯಸ್ಸಿನಲ್ಲಿ ಒಂದು ನೋಟಿಫಿಕೇಶನ್ ತಪ್ಪಿದರೆ ಮುಂದಿನದ್ದು ಬರುವಾಗ ವಯಸ್ಸು ಮೀರಿರಬಹುದು.

ಒಂದು ಮಾತು ಒತ್ತಿ ಹೇಳುತ್ತೇನೆ. ಕನ್ನಡ ಮಾಧ್ಯಮದ ತರಬೇತಿ ಆಗಿದೆ ಎನ್ನುವುದನ್ನು ನೀನು ಕೊರತೆಯ ಹಾಗೆ ಬರೆದಿದ್ದೀಯ. ಕಾಸರಗೋಡಿನಲ್ಲಿ ಅದು ದೊಡ್ಡ ಆಸ್ತಿ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ಹಾಕಿದಾಗ ಇಲ್ಲಿನ ಮಕ್ಕಳೂ ಹೆತ್ತವರೂ ಗೇಟಿನ ಹೊರಗೆ ಕೂತು ಪ್ರತಿಭಟಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಮಕ್ಕಳಿಗೆ ಬೇಕಾದ ಟೀಚರ್ ನೀನು. ಪಿಎಸ್‌ಸಿಯಲ್ಲಿ ಕಾಸರಗೋಡು ಜಿಲ್ಲೆಗೆ ಕನ್ನಡ ಮಾಧ್ಯಮದ ಶಿಕ್ಷಕರ ಹುದ್ದೆ ಬೇರೆಯಾಗಿ ಕರೆಯುತ್ತಾರೆ. ಕನ್ನಡವೂ ಮಲಯಾಳವೂ ಬಲ್ಲವರಿಗೆ ಕ್ಲಾರ್ಕ್ ಹುದ್ದೆಯೂ ಇದೆ, ಮಲಯಾಳ ಓದಲು ಬರೆಯಲು ಬರುತ್ತದೆ ಅಂತಾದರೆ ಅದನ್ನೂ ನೋಡು.

ಪರೀಕ್ಷೆ ಆಗುವವರೆಗೆ ಮನೆಯಲ್ಲಿ ಕೂರಬೇಡ. ನೀನು ಮೊದಲು ಪಾಠ ಮಾಡಿದ ಶಾಲೆಗೆ ಒಂದು ದಿನ ಹೋಗಿ ಬಾ. ಜೂನ್ ಬರುವ ಮೊದಲೇ ಹೋಗು, ದಿನವೇತನದ ಇಂಟರ್‌ವ್ಯೂಗಳು ಶಾಲೆ ತೆರೆಯುವ ಹೊತ್ತಿಗೆ ನಡೆಯುತ್ತವೆ. ಅದಕ್ಕೆ ಯಾವ ಅರ್ಹತೆ ಕೇಳುತ್ತಾರೆ ಅಂತ ಹೆಡ್‌ಮಾಸ್ತರರನ್ನೇ ಕೇಳು. ಸಂಜೆ ನೆರೆಮನೆಯ ನಾಲ್ಕು ಮಕ್ಕಳಿಗೆ ಪಾಠ ಹೇಳು, ಫೀಸು ತೆಗೆದುಕೊಂಡೇ ಹೇಳು. ಮಕ್ಕಳ ಮುಂದೆ ಕೂತರೆ ಮರೆತದ್ದೆಲ್ಲ ತಾನಾಗಿ ಬರುತ್ತದೆ, ನೋಡು.

ಪೈವಳಿಕೆಯಿಂದ

ಪ್ರಶ್ನೆ: ನಾನು ಅಡಿಕೆ ಮರ ಹತ್ತುತ್ತಿದ್ದವನು. ಮೂರು ವರ್ಷದ ಹಿಂದೆ ಬಿದ್ದು ಕಾಲು ಮುರಿಯಿತು. ಈಗ ನಡೆಯುತ್ತೇನೆ, ಮರ ಹತ್ತಲು ಆಗುವುದಿಲ್ಲ. ಓದಿದ್ದು ಏಳನೇ ಕ್ಲಾಸು. ಬೇರೆ ಏನೂ ಗೊತ್ತಿಲ್ಲ.

ಉತ್ತರ: ನಿಮಗೆ ಗೊತ್ತಿರುವುದು ಸಣ್ಣ ವಿಷಯ ಅಲ್ಲ. ಯಾವ ಗೊನೆ ಬಲಿತಿದೆ, ಯಾವ ಮರಕ್ಕೆ ರೋಗ ಬಂದಿದೆ ಅಂತ ಕೆಳಗಿನಿಂದಲೇ ಹೇಳುವ ಕಣ್ಣು ನಿಮಗಿದೆ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೀವು ನೋಡಿರಬಹುದು. ನೆಲದಲ್ಲಿ ನಿಂತೇ ಗೊನೆ ಕೊಯ್ಯಬಹುದು, ಕೊಳೆರೋಗಕ್ಕೆ ಬೋರ್ಡೋ ಮದ್ದನ್ನೂ ಬಿಡಬಹುದು. ಮರ ಹತ್ತುವವರು ಸಿಗದೆ ತೋಟದವರು ಒದ್ದಾಡುತ್ತಿರುವಾಗ ದೋಟಿ ಹಿಡಿಯಲು ಬರುವವನಿಗೆ ಮಳೆಗಾಲದಲ್ಲಿ ಕೆಲಸಕ್ಕೆ ಬರ ಇಲ್ಲ. ಆದರೆ ದೋಟಿ ಹಿಡಿದಾಗ ಕತ್ತು, ಭುಜ, ಕಾಲು ಎಲ್ಲದರ ಮೇಲೂ ಭಾರ ಬೀಳುತ್ತದೆ. ಮೊದಲು ಕಾಲು ನೋಡಿದ ಡಾಕ್ಟರರನ್ನು ಕೇಳಿ. ದೋಟಿಗೆ ಬೆಲೆ ಜಾಸ್ತಿ, ಸಾಲ ಮಾಡಿ ಕೊಳ್ಳಬೇಡಿ. ದೋಟಿ ಇರುವ ಒಂದು ತಂಡದ ಜೊತೆ ಸೇರಿಕೊಳ್ಳಿ, ನಿಮ್ಮ ಜೊತೆ ಮರ ಹತ್ತುತ್ತಿದ್ದವರನ್ನೇ ಕೇಳಿ, ಅವರಲ್ಲಿ ಯಾರಾದರೂ ಈಗ ಅದನ್ನೇ ಮಾಡುತ್ತಿರುತ್ತಾರೆ. ತರಬೇತಿ ಶಿಬಿರ ಎಲ್ಲಿ ನಡೆಯುತ್ತದೆ ಅಂತ ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಿ. ಕಾಲಿಗೆ ಅದು ಆಗುವುದಿಲ್ಲ ಅಂತ ಡಾಕ್ಟರು ಹೇಳಿದರೆ ಅಡಿಕೆ ಸುಲಿಯುವ ಮೆಶಿನ್, ಅಡಿಕೆ ವಿಂಗಡಿಸುವ ಕೆಲಸ ಇದೆ. ಅಲ್ಲಿಯೂ ನಿಮ್ಮ ಆ ಕಣ್ಣೇ ಬೇಕು.

ಕುಂಬಳೆಯಿಂದ

ಪ್ರಶ್ನೆ: ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಕೆಲಸಕ್ಕೆ ಒಬ್ಬ ಬಂದಿದ್ದಾನೆ, ಐದು ವರ್ಷ ಏನೂ ಮಾಡಿಲ್ಲ ಅಂತ ಹೇಳಿದ. ಮನುಷ್ಯ ಒಳ್ಳೆಯವನ ಹಾಗೆ ಕಾಣುತ್ತಾನೆ. ತೆಗೆದುಕೊಳ್ಳಲು ಹೆದರಿಕೆ. ಐದು ವರ್ಷ ಯಾರೂ ತೆಗೆದುಕೊಳ್ಳದವನಲ್ಲಿ ಏನಾದರೂ ಕೊರತೆ ಇರಲೇಬೇಕಲ್ಲ?

ಉತ್ತರ: ನೀವು ಇದನ್ನು ಬಿಚ್ಚು ಮನಸ್ಸಿನಿಂದ ಕೇಳಿದ್ದು ಒಳ್ಳೆಯದಾಯಿತು. ಎಲ್ಲ ಯಜಮಾನರೂ ಹೀಗೇ ಯೋಚಿಸುತ್ತಾರೆ, ಹೇಳುವುದಿಲ್ಲ. ಅಮೆರಿಕದಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ದರು, 2013ರಲ್ಲಿ ಪ್ರಕಟವಾಯಿತು. ಸುಮಾರು 3,000 ಕೆಲಸಗಳಿಗೆ 12,000ದಷ್ಟು ಕಲ್ಪಿತ ಅರ್ಜಿ ಕಳಿಸಿದರು. ಕೆಲಸ ಇಲ್ಲದೆ ಎಷ್ಟು ತಿಂಗಳಾಯಿತು ಎನ್ನುವುದನ್ನು ಒಂದೊಂದರಲ್ಲಿ ಒಂದೊಂದು ಥರ ಬರೆದರು. ತಿಂಗಳು ಜಾಸ್ತಿ ಆದ ಹಾಗೆ ಇಂಟರ್‌ವ್ಯೂಗೆ ಕರೆಯುವುದು ಕಡಿಮೆಯಾಯಿತು, ಅದರಲ್ಲೂ ಮೊದಲ ಎಂಟು ತಿಂಗಳಲ್ಲೇ ಹೆಚ್ಚಿನದ್ದು ಕುಸಿಯಿತು. ಅರ್ಜಿಯಲ್ಲಿದ್ದ ಮನುಷ್ಯ ಇಲ್ಲವೇ ಇಲ್ಲ, ಅವನಲ್ಲಿ ಕೊರತೆ ಎಲ್ಲಿಂದ ಬರಬೇಕು? ತಿಂಗಳು ಎಣಿಸಿಯೇ ಬಾಗಿಲು ಹಾಕಿದ್ದು. ಮೊದಲಿನವರು ತೆಗೆದುಕೊಳ್ಳಲಿಲ್ಲ ಅಂತ ಎರಡನೆಯವರು, ಎರಡನೆಯವರು ತೆಗೆದುಕೊಳ್ಳಲಿಲ್ಲ ಅಂತ ಮೂರನೆಯವರು. ಐದು ವರ್ಷ ಹಾಗೇ ಆಗುತ್ತದೆ.

ಹದಿನೈದು ದಿನ ಕರೆಯಿರಿ. ಬೇರೆಯವರಿಗೆ ಕೊಡುವ ಸಂಬಳವನ್ನೇ ಕೊಡಿ, ದಿನದ ಲೆಕ್ಕದಲ್ಲಿ. ಮೊದಲ ವಾರ ತಡವಾಗಿ ಬರಬಹುದು, ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಬಹುದು. ದೇಹಕ್ಕೆ ಅಭ್ಯಾಸ ತಪ್ಪಿದೆ, ಅದು ಬರಲು ಸ್ವಲ್ಪ ದಿನ ಬೇಕು. ಅಂಗಡಿಯ ಹಳೆಯ ಹುಡುಗರಲ್ಲಿ ತಾಳ್ಮೆ ಇರುವ ಒಬ್ಬನ ಜೊತೆ ಹಾಕಿ. ಗಿರಾಕಿಗಳ ಮುಂದೆ ಇವನು ಐದು ವರ್ಷ ಮನೆಯಲ್ಲಿದ್ದ ಅಂತ ಮಾತ್ರ ಹೇಳಬೇಡಿ. ಹದಿನೈದು ದಿನ ಆದ ಮೇಲೆ ನನಗೊಂದು ಕಾಗದ ಬರೆಯಿರಿ.

ಪೆರ್ಲದಿಂದ

ಪ್ರಶ್ನೆ: ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ರಿನ್ಯೂ ಮಾಡಲು ಮರೆತುಹೋಗಿದೆ. ನನ್ನದು ಮಾತ್ರ ಅಲ್ಲ, ನನ್ನ ಇಬ್ಬರು ಗೆಳೆಯರದ್ದೂ ಹಾಗೇ ಆಗಿದೆ. ಆ ಕಾರ್ಡಿನಿಂದ ಏನಾದರೂ ಪ್ರಯೋಜನ ಇದೆಯಾ, ಅಥವಾ ಬಿಟ್ಟುಬಿಡುವುದಾ?

ಉತ್ತರ: ಬಿಡಬೇಡಿ. ಸರಕಾರಿ ಆಫೀಸುಗಳ ತಾತ್ಕಾಲಿಕ ಹುದ್ದೆಗಳಿಗೆ ಅಲ್ಲಿಂದ ಸೀನಿಯಾರಿಟಿ ನೋಡಿ ಕರೆಯುತ್ತಾರೆ. ಆರು ತಿಂಗಳದ್ದಾದರೂ ಕೆಲಸ ಕೆಲಸವೇ, ಅಲ್ಲಿ ಹೋದ ಮೇಲೆ ಮುಂದಿನ ದಾರಿ ಕಾಣುತ್ತದೆ. ಮೂರು ವರ್ಷಕ್ಕೊಮ್ಮೆ ರಿನ್ಯೂ ಮಾಡಬೇಕು. ಕಾರ್ಡಿನಲ್ಲಿ ಬರೆದ ತಿಂಗಳು ದಾಟಿದ ಮೇಲೂ ಎರಡು ತಿಂಗಳು ಅವಕಾಶ ಇರುತ್ತದೆ. ಅದೂ ದಾಟಿದ್ದರೆ, ಆಗಾಗ ಸರಕಾರ ಹಳೆಯ ಸೀನಿಯಾರಿಟಿ ಉಳಿಸಿಕೊಂಡು ರಿನ್ಯೂ ಮಾಡಲು ವಿಶೇಷ ಅವಕಾಶ ಕೊಡುತ್ತದೆ, ಈಗ ಇದೆಯಾ ಅಂತ ಕೇಳಿ. ರಿನ್ಯೂ ಮಾಡುವುದು ಸರಕಾರದ ಆನ್‌ಲೈನ್ ಸೇವೆ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲೂ ಆಗುತ್ತದೆ, ಆದರೆ ನಿಮ್ಮದು ತಪ್ಪಿಹೋದ ಕಾರ್ಡು, ಆಫೀಸಿಗೇ ಹೋಗುವುದು ಒಳ್ಳೆಯದು. ಅಲ್ಲೇ ಎಂಪ್ಲಾಯಬಿಲಿಟಿ ಸೆಂಟರ್ ಅಂತ ಇದೆ, ಖಾಸಗಿ ಕಂಪೆನಿಯವರ ಇಂಟರ್‌ವ್ಯೂ ಅಲ್ಲಿ ನಡೆಯುತ್ತದೆ, ಅದಕ್ಕೂ ಹೆಸರು ಕೊಡಿ. ಅರ್ಜಿ ಬರೆಯಬೇಕಾಗಿ ಬಂದರೆ ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲಿ ಇಲ್ಲಿನ ಕನ್ನಡಿಗರಿಗೆ ಆ ಹಕ್ಕು ಇದೆ.

ಎಸ್‌ಎಸ್‌ಎಲ್‌ಸಿ ಬುಕ್, ಆಧಾರ್, ಹಳೆಯ ಕಾರ್ಡು, ಎಲ್ಲದರ ಒಂದೊಂದು ಜೆರಾಕ್ಸ್ ಇಟ್ಟುಕೊಳ್ಳಿ. ಸೋಮವಾರ ಜನ ಜಾಸ್ತಿ, ಮಂಗಳವಾರ ಬೆಳಿಗ್ಗೆ ಹೊರಡಿ. ಆ ಇಬ್ಬರು ಗೆಳೆಯರನ್ನೂ ಅವರವರ ಮನೆಗೇ ಹೋಗಿ ಕರೆದುಕೊಂಡು ಹೋಗಿ.